ಸ್ಟಾರ್ಟ್ ಆದ ಗಾಡಿ

ಸೋಮವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಕೈಯಲ್ಲಿ ಒಡೆದ ಹೆಲ್ಮೆಟ್ ಇತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೆಲ್ಮೆಟ್ಟನ್ನು ಇನ್‌ಸ್ಪೆಕ್ಟರರ ಮೇಜಿನ ಮೇಲೆ, ಕಡತಗಳನ್ನು ಪಕ್ಕಕ್ಕೆ ಸರಿಸಿ ಇಟ್ಟಳು.

"ನನ್ನ ತಮ್ಮಂದು ಸಾರ್. ಆಸ್ಪತ್ರೇಲಿದ್ದಾನೆ. ಬಲಗಾಲು ಉಳಿಯುತ್ತೋ ಇಲ್ವೋ ಇನ್ನೂ ಹೇಳಕ್ಕಾಗಲ್ಲ ಅಂತಿದ್ದಾರೆ."

ಈ ಇನ್‌ಸ್ಪೆಕ್ಟರ್ ಅನುಮಾನದ ಪ್ರಾಣಿ. ಚಹಾಕ್ಕೆ ಸಕ್ಕರೆ ಜಾಸ್ತಿಯಾಯಿತು ಎಂದು ಹೆಂಡತಿ ಹೇಳಿದರೆ, ಹಾಕಿದ್ದು ಯಾರು, ಆಗ ಅಡುಗೆಮನೆಯಲ್ಲಿ ಇನ್ಯಾರಿದ್ದರು ಎಂದು ಕೇಳುವ ಮನುಷ್ಯ. ಅಳುವವರನ್ನು ಕಂಡರೆ ಅವರಿಗೆ ಕನಿಕರವೂ ಬರುತ್ತಿತ್ತು, ಅದರ ಬೆನ್ನಿಗೇ ಅನುಮಾನವೂ ಬರುತ್ತಿತ್ತು. ಈ ಹೆಂಗಸು ಅಳುತ್ತಿರಲಿಲ್ಲ. ಅದಕ್ಕೂ ಅನುಮಾನ ಬಂತು.

"ಏನಾಯ್ತು, ಮೊದಲಿಂದ ಹೇಳಿ."

ಅವಳು ಹೇಳಿದ್ದು ಇಷ್ಟು. ತಂದೆ ಬೈಕ್ ಮೆಕ್ಯಾನಿಕ್ ಆಗಿದ್ದರು, ಈಗಿಲ್ಲ. ಅವರ ಶೆಡ್ಡಿನಲ್ಲೇ ಅವಳು ಬಿಡಿಭಾಗಗಳ ಅಂಗಡಿ ನಡೆಸುತ್ತಾಳೆ. ಶೆಡ್ಡಿನ ಹಿಂಭಾಗದ ಮನೆಯಲ್ಲಿ ಅವಳು, ತಮ್ಮ, ಇಬ್ಬರೇ. ಭಾನುವಾರ ಸಂಜೆ ತಮ್ಮ ತಿರುವಿನ ಬಂಕಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬಂದ. ಇವತ್ತು ನಸುಕಿನಲ್ಲಿ ಹೊರಟ. ಹೆದ್ದಾರಿಯ ನಡುವೆ ಇಂಜಿನ್ ನಿಂತುಹೋಯಿತು. ಹಿಂದಿನಿಂದ ಲಾರಿ ಬಂತು.

"ಎಲ್ಲಿಗೆ ಹೊರಟಿದ್ದ?"

"ಏನೋ ಕೆಲಸ ಇತ್ತು ಸಾರ್." ಈ ಉತ್ತರ ಮಾತ್ರ ಸ್ವಲ್ಪ ತಡವಾಗಿ ಬಂತು.

"ಹೊರಡುವಾಗ ಗಾಡಿ ತೊಂದರೆ ಕೊಟ್ಟಿತ್ತಾ?"

"ಇಲ್ಲ. ಸ್ಟಾರ್ಟ್ ಆಯ್ತು. ಮೊದಲನೇ ಕಿಕ್ಕಿಗೇ ಸ್ಟಾರ್ಟ್ ಆಯ್ತು." ಅವಳು ಹೆಲ್ಮೆಟ್ಟನ್ನೇ ನೋಡುತ್ತಿದ್ದಳು. "ಬಾಗಿಲಲ್ಲಿ ನಿಂತು ನಾನೇ ಕೇಳಿಸ್ಕೊಂಡೆ. ಚೆನ್ನಾಗೇ ಸ್ಟಾರ್ಟ್ ಆಯ್ತು ಸಾರ್."

"ಯಾರ ಮೇಲೆ ದೂರು?"

"ಬಂಕಿನವರ ಮೇಲೆ. ಪೆಟ್ರೋಲಿಗೆ ನೀರು ಬೆರೆಸಿದ್ದಾರೆ. ಯಾರೇ ಆಗಿರಲಿ ಸಾರ್, ಬಿಡಬೇಡಿ."

ಎಫ್‌ಐಆರ್ ದಾಖಲಾಯಿತು. ಬರೆದುಕೊಂಡವನು ಹೆಡ್ ಕಾನ್‌ಸ್ಟೇಬಲ್. ಉರಿಬಿಸಿಲಿನಲ್ಲೂ ಚೋಕ್ ಎಳೆಯದೆ ಬೈಕಿಗೆ ಕಿಕ್ ಹೊಡೆಯುವವನಲ್ಲ, ಹಾಗಾಗಿ ಠಾಣೆಯಲ್ಲಿ ಅವನ ಹೆಸರೇ ಚೋಕ್ ಎಂದಾಗಿತ್ತು.

"ಬೆರೆಸಬೇಕಾಗೇ ಇಲ್ಲ ಸಾರ್," ಎಂದ ಚೋಕ್ ಜೀಪಿನಲ್ಲಿ. "ಈಗಿನ ಪೆಟ್ರೋಲಿಗೆ ಕಂಪನಿಯವರೇ ಎಥನಾಲ್ ಹಾಕಿದ್ದಾರಲ್ಲ, ಅದು ಗಾಳಿಯಿಂದಾನೇ ನೀರು ಎಳ್ಕೊಳ್ಳುತ್ತೆ. ನನ್ನ ಗಾಡಿ ಪೈಪು ಮೆತ್ತಗಾಗಿ ಊದ್ಕೊಂಡಿದೆ. ಕಾರ್ಬುರೇಟರ್ ಎರಡು ಸಲ ಬಿಚ್ಚಿಸಿದೆ. ಮೈಲೇಜಂತೂ ಕೇಳಲೇಬೇಡಿ."

"ಮೊನ್ನೆ ನಿನ್ನ ಮಂಡಿನೋವಿಗೂ ಅದೇ ಕಾರಣ ಅಂದಿದ್ದೆ."

"ತಳ್ಳಿ ತಳ್ಳಿ ಬಂದ ನೋವು ಸಾರ್ ಅದು."

ಚಳಿಗಾಲ. ಮಧ್ಯಾಹ್ನವಾದರೂ ಮೋಡ ಸರಿದಿರಲಿಲ್ಲ. ಬೈಕು ಹೆದ್ದಾರಿ ವಿಭಜಕದ ಸಂದಿಯ ಬಳಿ ಅಡ್ಡಬಿದ್ದಿತ್ತು. ಕಾರ್ಬುರೇಟರಿನ ಹಳೆಯ ಮಾದರಿ, ಆದರೆ ಮಗುವಿನ ಹಾಗೆ ನೋಡಿಕೊಂಡ ಗಾಡಿ. ಎಲ್ಲಿಯೂ ತುಕ್ಕಿಲ್ಲ, ಪೈಪು ಹೊಸದು, ಹೊಸ ಪೆಟ್ರೋಲಿಗೆ ಒಗ್ಗುವ ಜಾತಿಯದು. ಟೈರ್ ಅಂಗಡಿಯವನೂ ಹಣ್ಣಿನ ಗಾಡಿಯವಳೂ ಪಂಚರಾಗಿ, ಸಾಕ್ಷಿಗೆ, ನಿಂತರು. ಅಕ್ಕನೂ ಬಂದಿದ್ದಳು. ಇನ್‌ಸ್ಪೆಕ್ಟರ್ ಒಂದೊಂದೇ ಹೇಳಿ ಪಂಚನಾಮೆ ಬರೆಸಿದರು: ಟ್ಯಾಂಕಿನ ಮುಚ್ಚಳಕ್ಕೆ ಬೀಗವಿದೆ, ಬೀಗ ಒಡೆದಿಲ್ಲ. ಕೀಲಿ ಗಾಡಿಯಲ್ಲೇ ಇದೆ. ಬೈಕಿನ ಮುಖ ಊರಿನ ಕಡೆಗಿದೆ.

ಈ ಕೊನೆಯ ಮಾತು ಅವರಿಗೇ ಒಗ್ಗಲಿಲ್ಲ. ಊರಿನಿಂದ ಹೊರಟವನ ಗಾಡಿ ಊರಿನ ಕಡೆ ಮುಖ ಮಾಡಿಕೊಂಡು ಬಿದ್ದಿರುವುದೇಕೆ? ಲಾರಿ ಗುದ್ದಿದ ರಭಸಕ್ಕೆ ತಿರುಗಿರಬಹುದು ಎಂದುಕೊಂಡರು. ಅನುಮಾನ ಹಾಗೇ ಉಳಿಯಿತು.

ಚೋಕ್ ಟ್ಯಾಂಕಿನ ಪೆಟ್ರೋಲನ್ನು ಪಾರದರ್ಶಕ ಕ್ಯಾನಿಗೆ ಇಳಿಸಿ ರಸ್ತೆಯ ಅಂಚಿನಲ್ಲಿಟ್ಟ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಒಳಗೆ ಎರಡು ಪದರ. ಮೇಲೆ ಪೆಟ್ರೋಲು. ತಳದಲ್ಲಿ ಲೀಟರಿಗೆ ಸ್ವಲ್ಪ ಕಡಿಮೆ, ತೆಳ್ಳಗಿನದೊಂದು ದ್ರವ.

ಅಕ್ಕ ಬಗ್ಗಿ ನೋಡಿದಳು. ಬೆಳಿಗ್ಗೆಯಿಂದ ಬಿಗಿದುಕೊಂಡಿದ್ದ ಮುಖ ಆಗ ಒಂದಿಷ್ಟು ಸಡಿಲವಾಯಿತು.

"ಇಷ್ಟೊಂದಾ?" ಎಂದಳು. "ನೋಡಿ ಸಾರ್, ಲೀಟರುಗಟ್ಟಲೆ ನೀರು ಮಾರಿದ್ದಾರೆ."

ಸುತ್ತ ನಿಂತವರೂ ನೋಡಿದರು. ಸುದ್ದಿ ಜೀಪಿಗಿಂತ ಮುಂಚೆ ಬಂಕು ಮುಟ್ಟಿತು.

ಪೊಲೀಸರು ಹೋಗುವಷ್ಟರಲ್ಲಿ ಬಂಕಿನ ಮುಂದೆ ಜನ ಜಮಾಯಿಸಿ, ಕಚೇರಿಯ ಗಾಜು ಪುಡಿಯಾಗಿತ್ತು. ಮ್ಯಾನೇಜರ್ ಗಲ್ಲಾಪೆಟ್ಟಿಗೆಯ ಹಿಂದೆ ಮುದುರಿ ಕೂತಿದ್ದ. ಜನರನ್ನು ನೋಡಿದರೆ ಅವನ ತಪ್ಪು ಆಗಲೇ ತೀರ್ಮಾನವಾದಂತಿತ್ತು. ತನಿಖೆ ಎನ್ನುವುದು ಬರೀ ಶಾಸ್ತ್ರಕ್ಕೆ.

"ನೀರು ಬೆರೆಸಿದ್ದೀಯಾ?"

"ಇಲ್ಲ ಸಾರ್."

"ನೆಲದ ಟ್ಯಾಂಕಿಗೆ ನೀರು ಇಳಿದಿದೆಯಾ?"

"ದಿನಾ ನೋಡ್ತೀವಿ. ಈಗಲೂ ನೀವೇ ನೋಡಿ."

ಅಳತೆಕೋಲಿನ ತುದಿಗೆ, ನೀರು ತಾಕಿದರೆ ಬಣ್ಣ ಬದಲಿಸುವ ಪೇಸ್ಟ್ ಸವರಿ, ಪಂಚರ ಎದುರಿನಲ್ಲೇ ತಳದವರೆಗೆ ಇಳಿಸಿದರು. ಬಣ್ಣ ಎಳ್ಳಷ್ಟೂ ಬದಲಾಗಲಿಲ್ಲ. ಮಾದರಿ ತೆಗೆದು ಮೊಹರು ಮಾಡಿ, ಬೈಕಿನ ಕ್ಯಾನಿನ ಜೊತೆ ಪ್ರಯೋಗಾಲಯಕ್ಕೆ ಕಳಿಸಿದರು. ಕ್ಯಾಮೆರಾದಲ್ಲಿ ನೋಡಿದರೆ ತಮ್ಮನ ಹಿಂದೆಯೇ, ಅದೇ ಪಂಪಿನಲ್ಲಿ, ಪತ್ರಿಕೆ ಹಾಕುವವನು ತುಂಬಿಸಿಕೊಂಡಿದ್ದ. ಅವನಿಗೆ ಫೋನು ಮಾಡಿದರು. ಬೆಳಿಗ್ಗೆಯಿಂದ ಊರೆಲ್ಲ ಸುತ್ತಿದ್ದೇನೆ, ಗಾಡಿ ಒಂದು ಸಲವೂ ಕೆಮ್ಮಿಲ್ಲ ಎಂದ.

ಬೇರೆಯವರಾಗಿದ್ದರೆ ಅಲ್ಲಿಗೆ ಮ್ಯಾನೇಜರನನ್ನು ಬಿಡುತ್ತಿದ್ದರೋ ಏನೋ. ಇನ್‌ಸ್ಪೆಕ್ಟರ್ ಬಿಡಲಿಲ್ಲ. ಮುಂದಿನವನಿಗೆ ನೀರು, ಹಿಂದಿನವನಿಗೆ ಪೆಟ್ರೋಲು ಕೊಡುವ ಕೈಚಳಕ ಇರಬಾರದೆಂದೇನಿಲ್ಲ. ಅವನನ್ನು ಅಲ್ಲೇ ಬಿಟ್ಟರೆ ಜನ ಉಳಿಸುವುದೂ ಇಲ್ಲ. ಠಾಣೆಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದರು.

"ನನ್ನನ್ನ ಒಳಗೆ ಹಾಕ್ತೀರಾ ಸಾರ್?"

"ಪ್ರಯೋಗಾಲಯದ ವರದಿ ಬರಲಿ."

"ಅದು ಬರೋದ್ರೊಳಗೆ ನಮ್ಮನೆ ಗಾಜೂ ಹೋಗುತ್ತೆ. ಒಳಗೆ ನನ್ನ ಹೆಂಡತಿ ಒಬ್ಬಳೇ ಇದ್ದಾಳೆ." ಅವನು ತಲೆ ಮೇಲೆ ಕೈಹೊತ್ತು ಕೂತ. ಇನ್‌ಸ್ಪೆಕ್ಟರ್ ಅವನ ಮನೆಗೆ ಒಬ್ಬ ಕಾನ್‌ಸ್ಟೇಬಲನ್ನು ಕಾವಲಿಗೆ ಕಳಿಸಿದರು. ಅನುಮಾನ ಬೇರೆ, ಕಾವಲು ಬೇರೆ.

ಮಂಗಳವಾರ ಚೋಕ್ ಒಂದು ಸುದ್ದಿ ತಂದ. ಸೋಮವಾರ ಬೆಳಿಗ್ಗೆ ಬೆಟ್ಟದ ರಸ್ತೆಯಲ್ಲಿ ಹುಡುಗರು ಕದ್ದುಮುಚ್ಚಿ ಬೈಕ್ ಪಂದ್ಯ ಇಟ್ಟುಕೊಂಡಿದ್ದರು. ತಮ್ಮ ಹೊರಟಿದ್ದು ಅಲ್ಲಿಗೆ. ಹೋದ ವರ್ಷ ಇದೇ ಪಂದ್ಯದಲ್ಲಿ ಅವನ ಜೀವದ ಗೆಳೆಯ ತಿರುವಿನಲ್ಲಿ ಹಾರಿಬಿದ್ದು ಸತ್ತಿದ್ದ.

"ಕೆಲಸ ಇತ್ತು ಅಂದಳಲ್ಲ," ಎಂದರು ಇನ್‌ಸ್ಪೆಕ್ಟರ್.

"ತಮ್ಮನ ಮೇಲೆ ಕೇಸಾಗುತ್ತೆ ಅಂತ ಮುಚ್ಚಿಟ್ಟಿರಬೇಕು ಸಾರ್."

ಪಂದ್ಯದಲ್ಲಿ ತಮ್ಮನಿಗೆ ಎದುರಾಳಿಯಾಗಿದ್ದವನನ್ನು ಎಳೆದು ತಂದರು. ಗಾಳಿ ಎಂದು ಅವನ ಅಡ್ಡಹೆಸರು. ಬೆಟ್ಟದ ಮೇಲೆ ಗಾಳಿಯಂತೆ ಹೋಗುತ್ತಿದ್ದವನು ಠಾಣೆಯ ಕುರ್ಚಿಯಲ್ಲಿ ಮಿಸುಕಾಡದೆ ಕೂತಿದ್ದ.

"ಅವನ ಟ್ಯಾಂಕಿಗೆ ನೀರು ಹಾಕಿದ್ದು ನೀನಾ?"

"ಹೆಂಗೆ ಹಾಕ್ಲಿ ಸಾರ್? ಮುಚ್ಚಳಕ್ಕೆ ಬೀಗ. ಗಾಡಿ ಶೆಡ್ಡೊಳಗೆ. ಶೆಡ್ಡಿಗೆ ಇನ್ನೊಂದು ಬೀಗ. ಅವರಕ್ಕನ ಕಣ್ಣು ತಪ್ಪಿಸಿ ಒಂದು ನಟ್ಟೂ ಆ ಶೆಡ್ಡಿಂದ ಆಚೆ ಬರಲ್ಲ."

ಬುಧವಾರ ಮಧ್ಯಾಹ್ನ ಪ್ರಯೋಗಾಲಯದ ಅಧಿಕಾರಿ ಫೋನು ಮಾಡಿದಳು. ಬಂಕಿನ ಮಾದರಿ ಶುದ್ಧ. ಬೈಕಿನ ಕ್ಯಾನಿನ ತಳದಲ್ಲಿದ್ದುದು ನೀರಲ್ಲ.

"ನೀರಲ್ಲ ಅಂದರೆ?"

"ಬಹುಪಾಲು ಎಥನಾಲ್. ನೀರು ಅಂತ ಇರೋದು ಅರ್ಧ ಲೋಟದಷ್ಟು. ಅರ್ಧ ಲೋಟ ನೀರು, ಟ್ಯಾಂಕಲ್ಲಿದ್ದ ಎಥನಾಲನ್ನೆಲ್ಲ ತನ್ನ ಕಡೆ ಎಳ್ಕೊಂಡು ತಳಕ್ಕೆ ಕೂತಿದೆ."

"ಗಾಳಿಯ ತೇವದಿಂದ ಬಂದಿರಬಹುದಾ?"

"ತುಂಬಿದ ಟ್ಯಾಂಕು, ಒಂದೇ ರಾತ್ರೀಲಿ? ಸಾಧ್ಯವೇ ಇಲ್ಲ. ಯಾರೋ ಸುರಿದಿದ್ದಾರೆ."

"ಹಾಗಾದರೆ ಗಾಡಿ ಸ್ಟಾರ್ಟ್ ಆಗಿದ್ದು ಹೇಗೆ?"

ಅವಳು ವಿವರಿಸಿದಳು. ಇನ್‌ಸ್ಪೆಕ್ಟರಿಗೆ ಕೇಳಿದ್ದು ಸಾಲದು, ಕಣ್ಣಾರೆ ನೋಡಬೇಕು. ಚೋಕ್‌ನ ಗಾಡಿಯಿಂದಲೇ ಒಂದು ಬಾಟಲಿ ಪೆಟ್ರೋಲು ತೆಗೆಸಿದರು. ಚೋಕ್ ಮುಖ ಸಿಂಡರಿಸಿಕೊಂಡೇ ಕೊಟ್ಟ. ಬಾಟಲಿಯನ್ನು ಹೊರಗಿನ ಕಟ್ಟೆಯ ಮೇಲಿಟ್ಟು ನಲ್ಲಿ ನೀರು ಎರಡು ಚಮಚ ಹಾಕಿದರು. ನೀರು ಮಣಿಮಣಿಯಾಗಿ ತಳಕ್ಕೆ ಇಳಿಯಿತು. ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿದರು. ನೀರು ಮಾಯ. ಬಾಟಲಿಯಲ್ಲಿ ತಿಳಿಯಾದ ಪೆಟ್ರೋಲು ಮಾತ್ರ ಉಳಿಯಿತು.

"ಎಲ್ಲೋಯ್ತು ಸಾರ್?"

"ಎಥನಾಲ್ ನುಂಗಿತು."

ಮಂಜುಗಡ್ಡೆ ಹಾಕಿದ ಬಕೆಟ್ಟಿನಲ್ಲಿ ಬಾಟಲಿಯನ್ನು ಮುಳುಗಿಸಿದರು. ಸ್ವಲ್ಪ ಹೊತ್ತಿಗೆ ಪೆಟ್ರೋಲು ಮಸುಕಾಯಿತು. ಆಮೇಲೆ ತಳದಲ್ಲಿ ಒಂದು ಪದರ ಕೂತಿತು, ಹಾಕಿದ ಎರಡು ಚಮಚಕ್ಕಿಂತ ಎಷ್ಟೋ ಹೆಚ್ಚು. ಜನರಿಗೆ ಹೆದರಿ ಮನೆಗೆ ಹೋಗದೆ ಬೆಂಚಿನ ಮೇಲೇ ಉಳಿದಿದ್ದ ಮ್ಯಾನೇಜರನೂ ಎದ್ದು ಬಂದು ಕತ್ತು ಚಾಚಿ ನೋಡಿದ.

"ಬೆಚ್ಚಗಿನ ಶೆಡ್ಡಲ್ಲಿ ಬೆರೆತಿತ್ತು, ಸ್ಟಾರ್ಟ್ ಆಯ್ತು. ನಸುಕಿನ ಚಳಿಗಾಳಿಗೆ ಬೇರೆಯಾಗಿ ಪೈಪಿಗೆ ಇಳೀತು, ನಿಂತುಹೋಯ್ತು," ಎಂದರು ಇನ್‌ಸ್ಪೆಕ್ಟರ್.

ಚೋಕ್ ತಲೆ ಕೆರೆದುಕೊಂಡ. "ಹಿಂದಿನ ಪೆಟ್ರೋಲು ಹಿಂಗಿರಲಿಲ್ಲ ಸಾರ್. ನೀರು ಬಿತ್ತು ಅಂದ್ರೆ ಸೀದಾ ತಳಕ್ಕೆ ಹೋಗಿ ಪೈಪಿಗೆ ಇಳಿಯೋದು. ತಲೆಕೆಳಗಾಗಿ ನಿಂತು ಒದ್ದರೂ ಗಾಡಿ ಸ್ಟಾರ್ಟ್ ಆಗ್ತಿರಲಿಲ್ಲ."

ಇನ್‌ಸ್ಪೆಕ್ಟರ್ ಬಕೆಟ್ಟಿನ ಮುಂದೆ ಕೂತವರು ಹಾಗೇ ಕೂತುಬಿಟ್ಟರು. ಸ್ಟಾರ್ಟ್ ಆಯ್ತು. ಮೊದಲನೇ ಕಿಕ್ಕಿಗೇ ಸ್ಟಾರ್ಟ್ ಆಯ್ತು. ಚೆನ್ನಾಗೇ ಸ್ಟಾರ್ಟ್ ಆಯ್ತು ಸಾರ್. ಕೇಳಿದ್ದು ಒಂದು ಸಲ, ಹೇಳಿದ್ದು ಮೂರು ಸಲ. ದಿನಾ ಸ್ಟಾರ್ಟ್ ಆಗುವ ಗಾಡಿ ಅವತ್ತೂ ಸ್ಟಾರ್ಟ್ ಆದರೆ ಅದರಲ್ಲಿ ಅಷ್ಟು ಹೇಳುವುದೇನಿದೆ?

"ಜೀಪು ತೆಗಿ," ಎಂದರು. "ಮಹಿಳಾ ಕಾನ್‌ಸ್ಟೇಬಲನ್ನೂ ಕರಿ." ತಮ್ಮ ಅನುಮಾನ ಸುಳ್ಳಾಗಲಿ ಎಂದು ಅವರಿಗೆ ಅನ್ನಿಸಿದ್ದು ಬಹಳ ಅಪರೂಪ.

ಅಂಗಡಿ ಅರ್ಧ ತೆರೆದಿತ್ತು. ಗೋಡೆಯ ತುಂಬ ಕೇಬಲ್ಲು, ಚೈನು, ಬ್ರೇಕ್ ಷೂ, ಎಲ್ಲವೂ ಅಳತೆಯ ಪ್ರಕಾರ ತೂಗುಹಾಕಿದ್ದವು. ತಗಡಿನ ಸೂರು ಹಗಲ ಕಾವನ್ನು ಇನ್ನೂ ಹಿಡಿದುಕೊಂಡಿತ್ತು. ಅಕ್ಕ ಆಸ್ಪತ್ರೆಗೆ ಒಯ್ಯಲು ಬಟ್ಟೆ ಮಡಚುತ್ತಿದ್ದಳು.

"ಕಾಲು ಹೇಗಿದೆ?"

"ಇವತ್ತು ಬೆಳಿಗ್ಗೆ ತೆಗೆದರು ಸಾರ್. ಮಂಡಿಯಿಂದ ಕೆಳಗೆ."

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಕೇಳಲೇಬೇಕಿತ್ತು.

"ಟ್ಯಾಂಕಿಗೆ ಎಷ್ಟು ಕೀಲಿ?"

"ಎರಡು."

"ಇನ್ನೊಂದು ಎಲ್ಲಿದೆ?"

ಅವಳು ಗೋಡೆಯ ಮೊಳೆ ತೋರಿಸಿದಳು. ಅಲ್ಲೇ ನೇತಾಡುತ್ತಿತ್ತು.

"ಭಾನುವಾರ ಸಂಜೆ ಆಮೇಲೆ ಶೆಡ್ಡಿಗೆ ಹೊರಗಿನವರು ಯಾರಾದರೂ ಬಂದಿದ್ರಾ?"

"ಇಲ್ಲ."

"ಬಂಕಿನಲ್ಲಿ ನೀರಿಲ್ಲ ಅಮ್ಮ. ಕ್ಯಾನಿನ ತಳದಲ್ಲಿ ನೀವು ನೋಡಿದ್ರಲ್ಲ, ಅದರಲ್ಲಿ ನೀರು ಬರೀ ಅರ್ಧ ಲೋಟ. ಮಿಕ್ಕಿದ್ದೆಲ್ಲ ಪೆಟ್ರೋಲಿನೊಳಗಿದ್ದ ಎಥನಾಲು. ನೀರಿನ ಜೊತೆ ಸೇರಿ ಕೆಳಗಿಳಿದಿದೆ."

ಅವಳ ಕೈಯಲ್ಲಿದ್ದ ಅಂಗಿ ಕೈಯಲ್ಲೇ ಉಳಿಯಿತು.

"ಅರ್ಧ ಲೋಟ," ಎಂದಳು.

"ಹೌದು."

"ಆದರೆ ಸ್ಟಾರ್ಟ್ ಆಯ್ತಲ್ಲ ಸಾರ್." ದನಿ ತೀರಾ ಸಣ್ಣದಾಗಿತ್ತು. "ಸ್ಟಾರ್ಟೇ ಆಗಬಾರದಿತ್ತು. ಸ್ಟಾರ್ಟ್ ಆದ ಮೇಲೆ ನನ್ನ ನೀರು ಏನೂ ಮಾಡಿಲ್ಲ ಅಂದ್ಕೊಂಡೆ. ಬಂಕಿನವರದ್ದೇ ಅಂದ್ಕೊಂಡೆ. ದೇವರಾಣೆ ಹಾಗೇ ಅಂದ್ಕೊಂಡಿದ್ದೆ."

ಮಹಿಳಾ ಕಾನ್‌ಸ್ಟೇಬಲ್ ಅವಳನ್ನು ಹಿಡಿದು ಸ್ಟೂಲಿನ ಮೇಲೆ ಕೂರಿಸಿದಳು. ಆಮೇಲೆ ಅಕ್ಕ ತಾನಾಗಿಯೇ ಹೇಳಿದಳು.

ಕುಡಿದು ಬಂದ ಗಿರಾಕಿಗಳ ಗಾಡಿಗೆ ಅಪ್ಪ ಹೀಗೇ ಮಾಡುತ್ತಿದ್ದರಂತೆ. ಬೇಡ, ಹೋಗಬೇಡ ಎಂದರೆ ಅಂಥವರು ಕೇಳುವುದಿಲ್ಲ. ಅವರ ಕಣ್ಣು ತಪ್ಪಿಸಿ ಅರ್ಧ ಲೋಟ ನೀರು ಟ್ಯಾಂಕಿಗೆ, ಕಾರ್ಬುರೇಟರಿನಲ್ಲಿದ್ದ ಪೆಟ್ರೋಲು ನೆಲಕ್ಕೆ, ಆಮೇಲೆ ನೀರು ಪೈಪಿಗೆ ಇಳಿಯುವ ಹಾಗೆ ಗಾಡಿಯನ್ನು ಒಂದಿಷ್ಟು ಅಲ್ಲಾಡಿಸುವುದು. ಗಿರಾಕಿ ಒದ್ದು ಒದ್ದು ಸುಸ್ತಾಗಿ ಶೆಡ್ಡಿನಲ್ಲೇ ಮಲಗುತ್ತಿದ್ದ. ಬೆಳಿಗ್ಗೆ ಟ್ಯಾಂಕ್ ತೊಳೆದು, ಬೈದು ಕಳಿಸುತ್ತಿದ್ದರು. ಒಂದು ಗಾಡಿಯೂ ಗೇಟು ದಾಟಿದ್ದಿಲ್ಲ.

"ಇವನ ಕಾಲಿಗೂ ಬಿದ್ದೆ ಸಾರ್, ಹೋಗಬೇಡ ಅಂತ. ಕೇಳಲಿಲ್ಲ. ಅಪ್ಪನ ಹಾಗೇ ಮಾಡಿದೆ. ಚೆನ್ನಾಗಿ ಅಲ್ಲಾಡಿಸಿದೆ."

ಆ ಅಲ್ಲಾಡಿಸಿದ್ದೇ ನೀರನ್ನು ಬೆರೆಸಿಬಿಟ್ಟಿತು ಎಂದು ಇನ್‌ಸ್ಪೆಕ್ಟರ್ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಪೆಟ್ರೋಲು ಬದಲಾದದ್ದಕ್ಕೆ ಬೇರೆ ಜಾತಿಯ ಪೈಪು ತರಿಸಿ ಮಾರುತ್ತಿದ್ದವಳು ಅವಳೇ. ಅಪ್ಪನ ಉಪಾಯವೂ ಹಳೆಯ ಪೆಟ್ರೋಲಿನದು ಎಂಬುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಸಂಜೆ ಐದೂವರೆಗೆ ಬಂಧನವನ್ನು ದಾಖಲಿಸಿದರು. ಮ್ಯಾನೇಜರನನ್ನು ಜೀಪಿನಲ್ಲಿ, ಬೀದಿಯ ಜನರೆಲ್ಲ ನೋಡುವಂತೆ ಮನೆಗೆ ಬಿಟ್ಟುಬಂದರು. ಅದಕ್ಕೂ ಮೊದಲು ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಒಬ್ಬರೇ ಹೋಗಿ ತಮ್ಮನ ಹೇಳಿಕೆ ಪಡೆದಿದ್ದರು. ಹೇಳಿಕೆ ಎರಡೇ ಸಾಲಿನದು. ಬರೆದುಕೊಂಡು, ಮಡಚಿ ಜೇಬಿಗೆ ಹಾಕಿ, ಹಾಸಿಗೆಯ ಪಕ್ಕ ಬಹಳ ಹೊತ್ತು ಕೂತಿದ್ದರು.

"ಅಕ್ಕನ್ನ ಕರ್ಕೊಂಡ್ ಬನ್ನಿ ಸಾರ್," ಎಂದಿದ್ದ ಹುಡುಗ. "ನೀವು ಹೇಳಬೇಡಿ, ನಾನೇ ಹೇಳ್ತೀನಿ."

ಗುರುವಾರ ಬೆಳಿಗ್ಗೆ ನ್ಯಾಯಾಲಯಕ್ಕೆ ಹೋಗುವ ದಾರಿಯಲ್ಲಿ ಜೀಪು ಆಸ್ಪತ್ರೆಯ ಮುಂದೆ ನಿಂತಿತು. ವಾರ್ಡಿನ ಬಾಗಿಲ ಬಳಿ ಅಕ್ಕ ತಡೆದು ನಿಂತಳು.

"ಯಾರೇ ಆಗಿರಲಿ ಬಿಡಬೇಡಿ ಅಂದಿದ್ದೆ ಅಲ್ವಾ ಸಾರ್. ಬಿಡಬೇಡಿ. ನನಗೆ ಬೇಜಾರಿಲ್ಲ." ಬಾಗಿಲಿನ ಕಡೆ ನೋಡಿದಳು. "ಒಂದು ಮಾತು. ಪಂಚನಾಮೇಲಿ ಗಾಡಿ ಮುಖ ಊರಿನ ಕಡೆ ಅಂತ ಬರೆಸಿದ್ರಿ. ನಾನು ಅಲ್ಲೇ ಇದ್ದೆ. ಅದು ಲಾರಿ ಗುದ್ದಿದ್ದಕ್ಕೆ ತಿರುಗಿದ್ದು, ಅಲ್ವಾ?"

ರಾತ್ರಿಯೆಲ್ಲ ಅವಳು ಅದನ್ನೇ ಕೇಳಿಕೊಳ್ಳುತ್ತಿದ್ದಳೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಇನ್‌ಸ್ಪೆಕ್ಟರರ ಜೇಬಿನಲ್ಲಿ ಆ ಎರಡು ಸಾಲುಗಳಿದ್ದವು: ಬೆಟ್ಟದ ರಸ್ತೆ ಹತ್ತಿರವಾದಾಗ ಸತ್ತ ಗೆಳೆಯ ನೆನಪಾದ. ಪಂದ್ಯ ಬೇಡ ಅನ್ನಿಸಿ ಮನೆಗೆ ಹೋಗೋಣವೆಂದು ಗಾಡಿ ತಿರುಗಿಸುತ್ತಿದ್ದೆ, ಆಗ ಇಂಜಿನ್ ನಿಂತಿತು.

"ನಿಮ್ಮ ತಮ್ಮನ್ನೇ ಕೇಳಿ ಅಮ್ಮ," ಎಂದು ಅವರು ಬಾಗಿಲು ತೆರೆದರು.

ಅವಳು ಒಳಗೆ ಹೋದಳು. ಮಹಿಳಾ ಕಾನ್‌ಸ್ಟೇಬಲ್ ಹೊಸ್ತಿಲಲ್ಲಿ ನಿಂತಳು. ಇನ್‌ಸ್ಪೆಕ್ಟರ್ ಕಾರಿಡಾರಿನ ಬೆಂಚಿನ ಮೇಲೆ ಕೂತು ಕೇಸ್ ಡೈರಿ ತೆರೆದು, ಕೃತ್ಯದ ಉದ್ದೇಶ ಎಂಬಲ್ಲಿ ಬರೆದರು: ತಮ್ಮನನ್ನು ಆ ಒಂದು ದಿನ ಮನೆಯಲ್ಲಿ ಉಳಿಸಿಕೊಳ್ಳುವುದು. ಒಳಗಿನಿಂದ ಮೊದಲು ತಮ್ಮನ ದನಿ ಕೇಳಿಸಿತು. ಆಮೇಲೆ, ಸೋಮವಾರದಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಅಕ್ಕ ಅಳುವುದು ಕೇಳಿಸಿತು. ನ್ಯಾಯಾಲಯಕ್ಕೆ ಹೊತ್ತಾಗುತ್ತಿದೆ ಎಂದು ಹೇಳಲು ಬಂದ ಚೋಕ್ ಅದನ್ನು ಕೇಳಿ ಪಕ್ಕದಲ್ಲಿ ಕೂತ.