ತಿದ್ದಿದ ನೀರು

"ಈ ನೀರು ನಂದಲ್ಲ..."

ಪ್ರದರ್ಶನದ ಹಾಲ್‌ನಲ್ಲಿ, ಮೊದಲ ಬಹುಮಾನದ ಚೀಟಿ ಅಂಟಿಸಿದ್ದ ತನ್ನದೇ ಚಿತ್ರದ ಮುಂದೆ ಅವಳು ಕಲ್ಲಾಗಿ ನಿಂತಳು.

ನದಿಯ ತಿರುವು, ದಡದ ಮರಗಳು, ಸಂಜೆಯ ಬೆಳಕು, ಎಲ್ಲವೂ ಅವಳವೇ. ಆದರೆ ನೀರಿನಲ್ಲಿ ನಡುಗುವ ಮರಗಳ ಪ್ರತಿಬಿಂಬ? ಅವಳು ಬಣ್ಣವನ್ನು ಉದ್ದಕ್ಕೆ ಎಳೆದಿದ್ದಳು. ಇಲ್ಲಿ ಹಸಿರಿನ ಪಕ್ಕ ಕಿತ್ತಳೆಯ ಪುಟ್ಟ ಪುಟ್ಟ ತುಂಡುಗಳಿದ್ದವು. ಆ ಕೈಯನ್ನು ಅವಳು ಎರಡು ವರ್ಷದಿಂದ ಬಲ್ಲಳು. ಗುಟ್ಟಾಗಿ ಪ್ರೀತಿಸಿದ್ದಳು ಕೂಡ.

ಸಂಜೆ ತರಗತಿಯಲ್ಲಿ ಅವಳಿಗೆ ಚಿತ್ರಕಲೆ ಕಲಿಸಿದವನು, ಚಿತ್ರವನ್ನು ಇಲ್ಲಿಗೆ ತಲುಪಿಸುವ ಹೊಣೆ ಹೊತ್ತವನು, ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ.

"ಯಾವಾಗ ತಿದ್ದಿದ್ರಿ, ಸರ್?"

"ನೀವು ಒಣಗೋಕೆ ಬಿಟ್ಟು ಹೋದ ಮಾರನೇ ದಿನ..."

"ಅಷ್ಟು ಕೆಟ್ಟದಾಗಿತ್ತಾ?"

"ಇಲ್ಲ. ಈ ಸಲ ಆಯ್ಕೆ ಆಗದಿದ್ರೆ ಕ್ಲಾಸ್ ಬಿಡ್ತೀನಿ ಅಂದಿದ್ರಲ್ಲ... ನೀವು ಬರದೇ ಹೋದ್ರೆ ನಾನು..."

ಮಾತು ಅರ್ಧಕ್ಕೇ ನಿಂತಿತು. ಅವಳು ಎಷ್ಟೋ ದಿನದಿಂದ ಕಾದಿದ್ದ ಮಾತು. ಕೇಳಬಾರದ ಹೊತ್ತಿನಲ್ಲಿ ಬಂದಿತ್ತು.

"ನಿನ್ನ ಕೈಲಿ ಏನಾಗುತ್ತೆ ಅಂತ ಎಲ್ರೂ ಅಂದಾಗ, ನಂಬಿದ್ದು ನೀವೊಬ್ರೇ ಅಂದ್ಕೊಂಡಿದ್ದೆ. ನೀವೂ ನಂಬಿರಲಿಲ್ಲ."

ಅವಳು ನೇರವಾಗಿ ತೀರ್ಪುಗಾರರ ಬಳಿ ಹೋಗಿ ಬಹುಮಾನ ಬೇಡವೆಂದಳು. ಹಿಂದೆಯೇ ಬಂದ ಅವನು ಎಲ್ಲರೆದುರು, "ತಪ್ಪು ನಂದು. ಅವರಿಗೆ ಗೊತ್ತೇ ಇರಲಿಲ್ಲ" ಎಂದ. ಅವಳು ತಿರುಗಿ ನೋಡಲಿಲ್ಲ.

ಮನೆಗೆ ಬಂದವಳೇ ಚಿತ್ರವನ್ನು ಮೇಜಿನ ಮೇಲೆ ಮಲಗಿಸಿ, ಚಾಕುವಿನಿಂದ ನೀರಿನ ಬಣ್ಣವನ್ನೆಲ್ಲ ಕೆರೆಯತೊಡಗಿದಳು. ಕಣ್ಣೀರು ನಿಲ್ಲಲಿಲ್ಲ.

ಎಲ್ಲವನ್ನೂ ಕೇಳಿದ ಅಕ್ಕ ಮೆಲ್ಲಗೆ ಹೇಳಿದಳು: "ಸಿಟ್ಟು ಬಂದ್ರೆ ಪಾತ್ರೆ ತಿಕ್ಕೋರನ್ನ ನೋಡಿದೀನಿ ಕಣೇ. ನದಿ ಕೆರೆಯೋರನ್ನ ಇವತ್ತೇ ನೋಡ್ತಿರೋದು."

ತರಗತಿ ಬಿಟ್ಟಳು. ತಾನು ಕೆಲಸ ಮಾಡುವ ಹೊಲಿಗೆ ಅಂಗಡಿಗೆ ರಜೆಯಿದ್ದ ದಿನಗಳಲ್ಲಿ ನದಿ ದಡದಲ್ಲಿ ಕೂತು, ಅದೇ ನೀರನ್ನು ಮತ್ತೆ ಮತ್ತೆ ಬಿಡಿಸಿದಳು.

ನಾಲ್ಕನೇ ಭಾನುವಾರ ಅವನು ಬಂದ. ಹತ್ತು ಹೆಜ್ಜೆ ದೂರದಲ್ಲೇ ನಿಂತ.

"ಅವತ್ತು ಅರ್ಧಕ್ಕೆ ನಿಂತ ಮಾತು ಹೇಳೋಕೆ ಬಂದೆ. ನಿಮ್ಮನ್ನ ಪ್ರೀತಿಸ್ತೀನಿ. ಕಳ್ಕೊಂಡ್ಬಿಡ್ತೀನೇನೋ ಅಂತ ಹೆದರಿ, ನಿಮ್ಮದನ್ನೇ ನಿಮ್ಮಿಂದ ಕಿತ್ಕೊಂಡೆ."

ಅವಳ ಕುಂಚ ನಿಂತಿತು. 'ಮೋಸ ಮಾಡಿದವನು... ಆದರೂ ಈ ದನಿ ಇಲ್ಲದ ಸಂಜೆಗಳು ಎಷ್ಟು ಉದ್ದವಾಗಿದ್ದವು.'

"ನೋವು ಹೋಗಿಲ್ಲ," ಎಂದಳು.

"ಗೊತ್ತು. ದೂರದಿಂದಲೇ ನೋಡ್ತೀನಿ."

ನೀರಿನ ಒಂದು ಅಂಚು ಬಿಡಿಸಿ ಮುಗಿಸಿ, ಅವಳು ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಬನ್ನಿ. ಎರಡೂ ಕೈ ಜೇಬಲ್ಲಿಟ್ಕೊಂಡು ಬನ್ನಿ."