ಎಂಟು ಹೆಸರಿನ ಹಾಳೆ

ಕಬ್ಬಿಣದ ಪೆಟ್ಟಿಗೆಯಿಂದ ದೀಕ್ಷಾಸ್ನಾನದ ಪುಸ್ತಕ ತೆಗೆದ ಪಾದ್ರಿ ದೊರೆ, ದೊಡ್ಡ ಬರದ ವರ್ಷದ ಹಾಳೆಗಳಿಗೆ ಬಂದವರೇ ನಿಂತುಬಿಟ್ಟರು. ಒಂದು ಹಾಳೆ ಇರಲಿಲ್ಲ. ಯಾರೋ ಬುಡಕ್ಕೇ ಚಾಕು ಹಾಕಿದ್ದರು!

ಹೊರಗೆ ಬಳ್ಳಾರಿಯ ಮೇ ತಿಂಗಳ ಬಿಸಿಲು. ದಂಡಿನ ಚರ್ಚಿನ ಗೇಟಿನ ಬಳಿ ಅಂಜಿನಪ್ಪನ ಹೆಣ ಬೆಳಗಿನಿಂದ ಬಿದ್ದಿತ್ತು. ಬರದ ವರ್ಷ ಕ್ರೈಸ್ತನಾಗಿ, ಆಮೇಲೆ ಹದಿನೇಳು ವರ್ಷ ರೈಲುದಾರಿಯ ಕೂಲಿಗೆಂದು ಊರೂರು ಅಲೆದವನು, ಹೋದ ವಾರವಷ್ಟೇ ಹೆಂಡತಿ ಎಲ್ಲಮ್ಮನ ಬಳಿಗೆ ಬಂದಿದ್ದ. ನಸುಕಿನಲ್ಲಿ ಎದೆ ಹಿಡಿದುಕೊಂಡು ಸತ್ತ. ಕುರುಗೋಡಿನಿಂದ ಸಂತೆಗೆ ಬಂದಿದ್ದ ಅಣ್ಣ ಜಡೆಪ್ಪ, "ಕುಲ ಬಿಟ್ಟವಗ ನಮ್ಮ ಹೊಲದಾಗ ಜಾಗ ಇಲ್ಲ" ಎಂದುಬಿಟ್ಟ. ಪಾದ್ರಿ ದೊರೆ ಊರಿಗೆ ಹೊಸಬರು, ಅವರದು ಇನ್ನೊಂದು ಹಟ: ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಚರ್ಚಿನ ಮಣ್ಣಿಲ್ಲ. ಮದರಾಸಿನಿಂದ ಆ ಹಾಳೆಯ ನಕಲು ಬರಲು ಎಂಟು ದಿನ ಬೇಕು. ಹೆಣ ಕಾಯುತ್ತದೆಯೇ? ನೊಣಗಳಂತೂ ಕಾದಿರಲಿಲ್ಲ.

ಪಾದ್ರಿ ಕರೆಸಿದ ಪೊಲೀಸ್ ಇನ್ಸ್‌ಪೆಕ್ಟರ್ ಪ್ರಾಣೇಶರಾಯರು ಮೂಗಿಗೆ ಉತ್ತರೀಯ ಒತ್ತಿಕೊಂಡು ಬಂದರು. ಜಾಣರು — ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು.

"ನೀನೇ ಕಿತ್ತಿಯೇನಲೇ, ಜಡೆಪ್ಪ?"

"ಅವನ ಹೆಸರು ಇದ್ದರೇನ್ರಿ, ಬಿಟ್ಟರೇನ್ರಿ ನನಗ? ನಾ ಈ ಚರ್ಚಿನ ಹೊಸ್ತಿಲಾ ತುಳಿದವನೇ ಅಲ್ಲ."

ಚರ್ಚಿನ ಗುಮಾಸ್ತ ಎರ್ರಣ್ಣ ಹೊಸ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ; ಅವನ ಹಿಂದೆ ತಾಯಿಯಿಲ್ಲದ ಮಗಳು ಸಾರಮ್ಮ. ಅವಳ ನಿಶ್ಚಿತಾರ್ಥಕ್ಕೆಂದು ಸಿರುಗುಪ್ಪದ ಬೀಗರು ಅಂದೇ ಗಾಡಿ ಕಟ್ಟಿಕೊಂಡು ಬಂದು ಅಂಗಳದಲ್ಲಿ ನಿಂತಿದ್ದರು.

"ಅಂಜಿನಪ್ಪಗ ದೀಕ್ಷಾಸ್ನಾನ ಆಗಿದ್ದು ನಿನಗ ನೆನಪೈತೇನು?" ಎಂದರು ರಾಯರು ಅವನಿಗೆ.

"ಇಲ್ರಿ ಸಾಹೇಬ್ರ. ಬರದಾಗ ಬಂದವರು ಎಷ್ಟು ಮಂದಿ!"

"ಪೆಟ್ಟಿಗೆ ಹಿಂದೆ ತೆಗೆದದ್ದು ಯಾವಾಗ, ದೊರೆಗಳೇ?"

"ಭಾನುವಾರ, ಗುಮಾಸ್ತನಿಂದ ಹೊಸ ಹೆಸರು ಬರೆಸಲು. ಅಂದು ಬೀಗ ಹಾಕಿದ ಮೇಲೆ ಕೀಲಿಕೈ ನನ್ನ ಹತ್ತಿರವೇ ಇದೆ."

ಇಂದು ಗುರುವಾರ. ರಾಯರು ಮೆಲ್ಲನೆ ತಲೆಯಾಡಿಸಿ ಹೆಣದ ಬಳಿ ಕುಳಿತಿದ್ದ ಎಲ್ಲಮ್ಮನ ಕಡೆ ತಿರುಗಿದರು.

"ನೀರು ಹಾಕಿದ ದಿನ ನಿನ್ನ ಗಂಡನ ಜೊತಿ ಯಾರಾರು ಇದ್ರವ್ವ?"

"ಇವರು ಸೇರಿ ಏಳು ಮಂದಿರಿ. ಎಂಟನೇದು, ಗಂಜಿ ಕೇಂದ್ರದಾಗ ಸಿಕ್ಕ ಹೆಣ್ಣು ಕೂಸು."

"ಯಾರು ಸಾಕಿದ್ರು ಅದನ್ನ?"

"ಅದೊಂದು ಕೇಳಬ್ಯಾಡ್ರಿ. ಸಾಕಿ ಸತ್ತಾಕಿಗೆ ಮಾತು ಕೊಟ್ಟೀನಿ."

ಗಂಡನ ಹೆಣ ಬಿಸಿಲಲ್ಲಿ ಬೇಯುತ್ತಿದ್ದರೂ ಆಕೆ ಬಾಯಿ ಬಿಡಲಿಲ್ಲ. ಆದರೆ ಕಣ್ಣು? ಅದು ಸಾರಮ್ಮನ ಕಡೆ ಹೊರಳಿಬಿಟ್ಟಿತು.

ಎರ್ರಣ್ಣನನ್ನು ಪಕ್ಕಕ್ಕೆ ಕರೆದು ಕೇಳಬಹುದಿತ್ತು. ರಾಯರು ಕೇಳಲಿಲ್ಲ. ಜಾಣತನಕ್ಕೆ ಜನ ಬೇಕಲ್ಲ!

"ಎಲ್ಲರೂ ಹೆಣ ನೋಡಿದಿರಿ, ದಿನ ನೋಡಲಿಲ್ಲ," ಎಂದರು ದೊಡ್ಡ ದನಿಯಲ್ಲಿ. "ಹಾಳೆ ಹೋದದ್ದು ಭಾನುವಾರ. ಅಂಜಿನಪ್ಪ ಸತ್ತದ್ದು ಇಂದು. ಸಾಯುತ್ತಾನೆಂದು ಯಾರಿಗೆ ಗೊತ್ತಿತ್ತು? ಹಾಳೆಗೆ ಎಂಟು ಹೆಸರು. ಕಳ್ಳನಿಗೆ ಬೇಡವಾದದ್ದು ಅವನದಲ್ಲ, ಕೂಸಿನದು. ಈ ಮಂದಿ ದೇವರನ್ನು ಬದಲಾಯಿಸಿದರೂ ಹೆಣ್ಣು ಕೇಳಲು ಬಂದಾಗ ಪುಸ್ತಕ ತೆಗೆಸಿ ಕುಲ ನೋಡುತ್ತಾರೆ. ಕೂಸಿನ ಸಾಲಿನಲ್ಲಿ ತಂದೆತಾಯಿ ಯಾರೆಂದು ಬರೆದಿತ್ತು? ಭಾನುವಾರ ಪುಸ್ತಕ ಬರೆದವನು ಯಾರು, ಇಂದು ನಿಶ್ಚಿತಾರ್ಥ ಯಾರ ಮನೆಯದು? ಹೇಳು, ಎರ್ರಣ್ಣ!"

ಎರ್ರಣ್ಣ ಹೆಣದ ಕಡೆ ತಿರುಗಿದ. "ಸುಟ್ಟುಬಿಟ್ಟೀನ್ರಿ... ಅಂಜಿನಪ್ಪ ನೆನಪದಾನ. ಎಂಟೂ ಹೆಸರು ನೆನಪದಾವ. ಒಂದು ಒಪ್ಪಿದರ ಎಲ್ಲಾ ಒಪ್ಪಬೇಕಾಗ್ತಿತ್ತು."

"ಹಾಗಾದರೆ ಎಂಟನ್ನೂ ಬರೆ," ಎಂದರು ಪಾದ್ರಿ. "ನಾನು ಸಾಕ್ಷಿ ಹಾಕುತ್ತೇನೆ. ಒಂದು ಬಿಟ್ಟರೂ ಆಗದು."

ಬೀಗರು ಗಾಡಿಗೆ ಎತ್ತು ಹೂಡತೊಡಗಿದರು. ಎಲ್ಲಮ್ಮ ರಾಯರನ್ನೇ ನೋಡಿದಳು. "ನನ್ನ ಗಂಡಗ ಮಣ್ಣು ಕೇಳಿದ್ದೆರಿ. ಈ ಹುಡುಗಿ ಬಾಳು ಕೇಳಿರಲಿಲ್ಲ."

ರಾಯರಿಗೆ ನಾಚಿಕೆಯಾಯಿತು. ತಡವಾಗಿ ಆಯಿತು.

ಎರ್ರಣ್ಣ ಏಳು ಹೆಸರು ಬರೆದ. ಎಂಟನೆಯ ಸಾಲಿಗೆ ಬಂದು ಲೇಖನಿ ಮೇಲೆತ್ತಿದ.

"ಅಪ್ಪಾ, ನಾ ಯಾರ ಮಗಳು?" ಎಂದಳು ಸಾರಮ್ಮ.

ಅವಳು ಅವನ ಕೈಯಿಂದ ಲೇಖನಿ ತೆಗೆದುಕೊಂಡು, ತನ್ನ ಹೆಸರು ಬರೆದು, ಅದರ ಮುಂದೆ 'ತಂದೆತಾಯಿ ಗೊತ್ತಿಲ್ಲ' ಎಂದು ತುಂಬಿಸಿದಳು.