ಮಾತುಕತೆಗೆ ಹೋದವರು

“ಒಬ್ನೇ ಒಳಗೆ ಹೋಗ್ಬೇಡ ಕಣೋ ಸಿದ್ರಾಮ. ಹಳೇ ಸ್ಟ್ರೈಕಲ್ಲಿ ನಮ್ಮ ಯಜಮಾನ್ರೂ ಮಾತುಕತೆಗೆ ಅಂತ ಒಬ್ರೇ ಹೋದ್ರು. ಇನ್ನೂ ಬಂದಿಲ್ಲ,” ಎಂದರು ಟೀ ಮಾರುವ ಗಂಗಮ್ಮ.

2009ರ ಬೇಸಿಗೆ. ಪೀಣ್ಯದ ನಮ್ಮ ಕಾರ್ಖಾನೆಗೆ ಲಾಕೌಟ್ ಆಗಿ, ಕಾರ್ಮಿಕರೆಲ್ಲ ಗೇಟಿನ ಹೊರಗೆ ಕೂತಿದ್ದೆವು. ಸಂಘದ ಮುಖಂಡನೆಂದು ಮಾಲೀಕರು ನನ್ನೊಬ್ಬನನ್ನೇ ಕರೆದಿದ್ದರು. ಕರೆಂಟ್ ತೆಗೆದಿದ್ದ ಶೆಡ್ಡಿನೊಳಗೆ ಪ್ರೆಸ್ ಮೆಷೀನೊಂದು ಧಡ್ ಧಡ್ ಎಂದು ಬಡಿಯುತ್ತಿತ್ತು. ಆ ಸುಡುಬಿಸಿಲಲ್ಲೂ ಅಲ್ಲಿಂದ ಕೊರೆಯುವ ಗಾಳಿ ಬರುತ್ತಿತ್ತು.

“ಒಬ್ನೇ ಯಾಕಕ್ಕಾ? ಎಲ್ರೂ ಹೋಗ್ತೀವಿ. ಈ ಸಲ ಗೆದ್ದೇ ಬರ್ತೀವಿ ನೋಡ್ತಿರಿ.”

“ಹಂಗಾದ್ರೆ ಹೋಗಪ್ಪ. ಅವ್ರು ಸಿಕ್ರೆ ಟೀ ಆರ್ತಿದೆ ಅನ್ನು.”

ನಾವೆಲ್ಲ ಒಟ್ಟಿಗೆ ಒಳಗೆ ಕಾಲಿಟ್ಟೆವು. ಸೆಕ್ಯುರಿಟಿಯವರಿಬ್ಬರು ನಮ್ಮ ಹಿಂದೆಯೇ ಗೇಟು ಮುಚ್ಚಲು ಹೋದರು. ಇಬ್ಬರೂ ಹೆಗಲು ಕೊಟ್ಟು ತಳ್ಳಿದರು. ಆಚೆಯಿಂದ ಯಾರೋ ಒತ್ತಿ ಹಿಡಿದಂತೆ ಗೇಟು ಅಲುಗಲೇ ಇಲ್ಲ. ಗಂಗಮ್ಮ ದೂರದಲ್ಲಿ ತಮ್ಮ ಟೀ ಒಲೆಯ ಬಳಿಯೇ ಇದ್ದರು; ಗೇಟಿನ ಆಚೆ ಯಾರೂ ಇರಲಿಲ್ಲ.